ಪತ್ತನಾಜೆ ಕಳೆದ ಮೇಲೆ ಕೇಳುವ ಬ್ಯಾಂಡ್‌ಗಳು

ಪತ್ತನಾಜೆ ಕಳೆದರೆ ಸೌಂಡ್ಸ್‌ನವರಿಗೆ ಕೆಲಸ ಕಮ್ಮಿ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಚೀಚೆಗೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ ನೇಮ ನಿಲ್ತದೆ. ಆಮೇಲಿನ ಮದುವೆಗಳೆಲ್ಲ ಮದುವೆ ಹಾಲ್‌ನೊಳಗೆ, ಹಾಲ್‌ಗೆ ಅದರದ್ದೇ ಸ್ಪೀಕರ್ ಉಂಟು. ನಮ್ಮ ಬೇಸ್ ಬಾಕ್ಸ್, ಆಂಪ್ಲಿಫೈಯರ್, ಕೇಬಲ್ ಸುರುಳಿಗಳೆಲ್ಲ ಮಂಗಳೂರಿನ ಕುಲಶೇಖರದ ಗೋಡೌನಿಗೆ ಬಂದು ಕೂರ್ತವೆ. ಕೂರಲಿ ಅಂತ ಹಾಗೇ ಬಿಟ್ಟರೆ ಚೌತಿಗೆ ಹೊರಗೆ ತೆಗೆಯುವಾಗ ಸ್ಪೀಕರ್ ಕೋನಿನ ಮೇಲೆ ಬೂಷ್ಟು, ಜ್ಯಾಕಿನಲ್ಲಿ ಕಿಲುಬು, ಮಿಕ್ಸರಿನಲ್ಲಿ ಶಬ್ದ ಏರಿಸಿ ಇಳಿಸುವ ಫೇಡರ್ ಮುಟ್ಟಿದರೆ ಕರಕರ. ಹಾಗಾಗಿ ವಾರಕ್ಕೊಮ್ಮೆ ಎಲ್ಲವನ್ನೂ ಆನ್ ಮಾಡಿ ಬಿಸಿ ಮಾಡಬೇಕು. ಆನ್ ಮಾಡಿದ ಮೇಲೆ ಏನಾದರೂ ಹಾಕಬೇಕಲ್ಲ? ಯಕ್ಷಗಾನದ ಪದ, ಕೊಂಕಣಿ ಬೈಲಾ, ಡಿಜೆ ಹಾಡು ಎಲ್ಲ ಸೀಸನ್ ಪೂರ್ತಿ ಕಿವಿಯ ಹತ್ತಿರವೇ ಇದ್ದದ್ದು. ಮಳೆಗಾಲದಲ್ಲಿ ನಾನು ಹಾಕುವುದು ಹೆವಿ ರಾಕ್. ಶೀಟಿನ ಮೇಲೆ ಸುರಿಯುವ ಮಳೆಯ ಅಬ್ಬರದಲ್ಲಿ ಅಕ್ಕಪಕ್ಕದವರಿಗೂ ತೊಂದರೆ ಇಲ್ಲ, ಸುತ್ತ ಇರುವುದು ತೆಂಗಿನ ತೋಟ.

ಈ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು "ಅಣ್ಣ, ಬೇಸ್ ಸ್ವಲ್ಪ ಜಾಸ್ತಿ ಕೊಡಿ". ಮೆಹಂದಿಯವರಿಗೂ ಬೇಸ್, ಶೋಭಾಯಾತ್ರೆಯವರಿಗೂ ಬೇಸ್, ಶಾಲೆಯ ವಾರ್ಷಿಕೋತ್ಸವದ ಪಿ.ಟಿ. ಮಾಸ್ಟ್ರಿಗೂ ಬೇಸ್. ಕೊಡ್ತೇನೆ. ಆದರೆ ಬೇಸ್ ಏರಿಸಿದರೆ ಪೆಟ್ಟು ಬಲವಾಗ್ತದೆ ಅನ್ನುವುದು ಅರ್ಧ ಮಾತ್ರ ನಿಜ. ಕಿಕ್ ಡ್ರಮ್ಮಿನ ಒಂದು ಏಟು ಎದೆಗೆ ತಾಗಬೇಕಾದರೆ ಅದರ ಹಿಂದೆಯೂ ಮುಂದೆಯೂ ಸ್ವಲ್ಪ ಜಾಗ ಖಾಲಿ ಇರಬೇಕು. ಇಡೀ ಹೊತ್ತು ಎಲ್ಲ ತುಂಬಿಯೇ ಇದ್ದರೆ ಅದು ಬರೀ ಗೊಂದಲ. ನನಗೆ ಇಷ್ಟವಾದ ಬ್ಯಾಂಡ್‌ಗಳೆಲ್ಲ ಎಲ್ಲಿ ಬಾರಿಸಬಾರದು ಅಂತ ಗೊತ್ತಿರುವವು. ಯಾಕೆ ಇವರನ್ನೇ ಕೇಳುವುದು, ಅವರನ್ನು ಯಾಕೆ ಕೇಳುವುದಿಲ್ಲ ಅಂತ ಯಾರಾದರೂ ಜಗಳಕ್ಕೆ ಬಂದರೆ ನನ್ನ ಹತ್ತಿರ ಇರುವ ಉತ್ತರ ಇದೊಂದೇ.

ಈ ಸಂಗೀತ ನನ್ನ ಕೈಗೆ ಬಂದದ್ದು ಒಂದು ಕಾಲೇಜು ಫೆಸ್ಟಿನಲ್ಲಿ. ಆಗ ನಾನು ಇನ್ನೊಬ್ಬರ ಸೌಂಡ್ಸ್‌ನಲ್ಲಿ ಬಾಕ್ಸ್ ಹೊರುವ ಹುಡುಗ. ಸ್ಟೇಜಿನಲ್ಲಿ ಹಾಸ್ಟೆಲ್ ಹುಡುಗರ ಬ್ಯಾಂಡ್, ತಾವು ಬಾರಿಸಿದ್ದು ತಮಗೆ ಕೇಳಿಸುವ ಮಾನಿಟರ್ ಸ್ಪೀಕರ್ ಇಲ್ಲದೆ ಪರದಾಡುತ್ತಿದ್ದರು. ಧಣಿಗಳು ಊಟಕ್ಕೆ ಹೋದ ಹೊತ್ತು ನೋಡಿ ನಾನು ಎರಡು ಬಾಕ್ಸನ್ನು ಅವರ ಕಡೆಗೆ ತಿರುಗಿಸಿ ಕೊಟ್ಟೆ. ಮರುದಿನ ಗಿಟಾರಿನವನು ಥ್ಯಾಂಕ್ಸ್ ಹೇಳಿ ಕೈಗಿಟ್ಟದ್ದು ಒಂದು ಎಂಪಿತ್ರೀ ಸಿಡಿ. ಅದರಲ್ಲಿ ಹೆಸರು ಯಾವುದೂ ಸರಿ ಇರಲಿಲ್ಲ. ಆ ಕಾಲದಲ್ಲಿ ಇಂಟರ್ನೆಟ್ಟಿನಿಂದ ಇಳಿಸಿದ ಹಾಡುಗಳ ಹಣೆಬರಹವೇ ಅಷ್ಟು, ಯಾರದೋ ಹಾಡಿಗೆ ಇನ್ಯಾರದೋ ಹೆಸರು. ಸೌಂಡ್‌ಗಾರ್ಡನ್ ಹಾಡೊಂದನ್ನು ನಾನು ವರ್ಷಗಟ್ಟಲೆ ಮೆಟಾಲಿಕಾದ್ದು ಅಂತಲೇ ತಿಳಿದಿದ್ದೆ. ಒಂದು ಲಾಭ ಆಯಿತು, ಯಾರು ದೊಡ್ಡವರು, ಯಾರು ಸಣ್ಣವರು ಅಂತ ಗೊತ್ತಿಲ್ಲದೆಯೇ ಎಲ್ಲರನ್ನೂ ಕೇಳಿದೆ.

ಮೊದಲ ಮಳೆಗೆ ಹಾಕುವುದು ಬ್ಲ್ಯಾಕ್ ಸಬ್ಬತ್. ಅವರ ಮೊದಲ ಆಲ್ಬಮ್ಮಿನ ಮೊದಲ ಹಾಡು ಶುರುವಾಗುವುದೇ ಮಳೆಯ ಶಬ್ದದಿಂದ, ಜೊತೆಗೆ ಗುಡುಗು, ದೂರದಲ್ಲೊಂದು ಚರ್ಚ್ ಗಂಟೆ. ಗೋಡೌನಿನಲ್ಲಿ ಕೇಳುವಾಗ ಯಾವ ಮಳೆ ಹೊರಗಿನದು, ಯಾವುದು ರೆಕಾರ್ಡಿನದು ಅಂತ ಗೊತ್ತಾಗುವುದಿಲ್ಲ. ಆಮೇಲೆ ಗಿಟಾರ್. ಮೂರೇ ಸ್ವರ: ಷಡ್ಜ, ಅದರ ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ನಮ್ಮಲ್ಲಿ ಕಲ್ಯಾಣಿ ಹಾಡುವವರು ದಿನಾ ಮುಟ್ಟುವ ಪ್ರತಿಮಧ್ಯಮ, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಇಲ್ಲಿ ಗಾಂಧಾರ, ಪಂಚಮಗಳ ಆಸರೆ ಯಾವುದೂ ಇಲ್ಲದೆ ಷಡ್ಜದ ಎದುರಿಗೆ ಅದೊಂದನ್ನೇ ತಂದು ನಿಲ್ಲಿಸಿ ಅಲುಗಾಡಿಸುತ್ತಾರೆ. ಮೈ ಜುಂ ಅನ್ನುವುದು ಅದಕ್ಕೆ. ಮತ್ತೆ ಎಷ್ಟು ನಿಧಾನ! ಒಂದು ಏಟು ಬಿದ್ದು ಪೂರ್ತಿ ಸಾಯುವವರೆಗೆ ಇನ್ನೊಂದನ್ನು ಬಾರಿಸುವುದಿಲ್ಲ. 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಇಡೀ ಆಲ್ಬಮನ್ನು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಎದ್ದು ಹೋದವರು ಇವರು. 1970ರ ಫೆಬ್ರವರಿ 13ಕ್ಕೆ, ಶುಕ್ರವಾರ, ಅದು ಹೊರಬಂತು.

ಗಿಟಾರಿನ ಟೋನಿ ಅಯೋಮಿಯ ಕತೆ ಬಹಳ ಮಂದಿಗೆ ಗೊತ್ತು, ಆದರೂ ಹೇಳದೆ ಇರಲಾರೆ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆ, ವಯಸ್ಸು ಹದಿನೇಳು, ಕೆಲಸ ಬಿಡುವ ಕೊನೆಯ ದಿನ. ಮೆಷಿನ್ನಿಗೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಎಡಗೈ ವಾದಕ ಆದ್ದರಿಂದ ತಂತಿ ಒತ್ತುವ ಕೈಯೇ ಅದು. ಸೋಪಿನ ಪ್ಲಾಸ್ಟಿಕ್ ಬಾಟ್ಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿ, ಅದಕ್ಕೆ ಚರ್ಮ ಅಂಟಿಸಿ ಬಾರಿಸಿದ. ಬಿಗಿ ತಂತಿ ಒತ್ತಿದರೆ ನೋವು. ಅದಕ್ಕೆ ತೆಳು ತಂತಿ ಹಾಕಿದ, ಮುಂದೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ ತಂತಿಯನ್ನೇ ಮೂರು ಅರ್ಧಸ್ವರದಷ್ಟು ಸಡಿಲ ಮಾಡಿದ. ತಂತಿ ಸಡಿಲವಾದಾಗ ಸ್ವರ ಕೆಳಗಿಳಿಯಿತು, ದಪ್ಪವಾಯಿತು. ಇವತ್ತು ಜಗತ್ತಿನ ಹೆವಿ ಬ್ಯಾಂಡ್‌ಗಳೆಲ್ಲ ಗಿಟಾರನ್ನು ಕೆಳಗೆ ಶ್ರುತಿ ಮಾಡುವುದರ ಮೂಲದಲ್ಲಿ ಒಬ್ಬ ಕಾರ್ಮಿಕನ ಗಾಯ ಉಂಟು. ಹಂಚಿನ ಕಾರ್ಖಾನೆ, ಸಾಮಿಲ್ಲುಗಳಲ್ಲಿ ದುಡಿದವರ ಮನೆಯವರು ನಾವು, ಮೊಂಡು ಬೆರಳು ನೋಡಿಯೇ ಬೆಳೆದದ್ದು. ಆ ಬೆರಳಿನಿಂದ ಇಂಥದ್ದೊಂದು ಶಬ್ದ ಹುಟ್ಟಿದ್ದು ನನಗೆ ಬಹಳ ಹೆಮ್ಮೆಯ ವಿಷಯ, ಯಾಕೋ.

ಸೌಂಡ್‌ಗಾರ್ಡನ್ ಬಗ್ಗೆ ಸ್ವಲ್ಪ ಉದ್ದ ಬರೀತೇನೆ, ಸಹಿಸಿಕೊಳ್ಳಿ.

1984ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಬ್ಯಾಂಡ್. ಗಿಟಾರಿನ ಕಿಮ್ ತಯಿಲ್ ಹುಟ್ಟಿದ್ದು ಅಲ್ಲಿಯೇ, ಆದರೆ ಅಪ್ಪ ಅಮ್ಮ ಕೇರಳದವರು. ಈ ಸಂಗತಿಯನ್ನು ನಮ್ಮ ಟೆಂಪೊ ಓಡಿಸುವ ಕಾಸರಗೋಡಿನ ಹುಡುಗನಿಗೆ ಹೇಳಿದ್ದೇ ತಪ್ಪಾಯ್ತು. ಅವನಿಗೆ ಆ ಸಂಗೀತ ಒಂದು ಚೂರೂ ಹಿಡಿಸುವುದಿಲ್ಲ, ಆದರೂ ಗಾಡಿಯಲ್ಲಿ ಕೂತವರಿಗೆಲ್ಲ "ಇದು ನಮ್ಮವ ಬಾರಿಸುವುದು" ಅಂತ ಪರಿಚಯ ಮಾಡಿಸ್ತಾನೆ. ತಯಿಲ್‌ನ ಕೈಯಲ್ಲಿ ನನಗೆ ಇಷ್ಟವಾಗುವುದು ಅವಸರ ಇಲ್ಲದಿರುವುದು. ಗಿಟಾರಿನ ಕೊನೆಯ ದಪ್ಪ ತಂತಿಯನ್ನು ಒಂದು ಪೂರ್ಣ ಸ್ವರ ಕೆಳಗಿಳಿಸಿ ಇಟ್ಟುಕೊಳ್ತಾರೆ, ಆಗ ಒಂದೇ ಬೆರಳು ಅಡ್ಡ ಒತ್ತಿದರೂ ದೊಡ್ಡ ಸ್ವರಗುಚ್ಛ ಸಿಗ್ತದೆ. ಸುಲಭದ ಉಪಾಯ, ಸಾವಿರ ಬ್ಯಾಂಡ್ ಮಾಡ್ತವೆ. ಇವರು ಮಾತ್ರ ಅದರ ಮೇಲೆ ಏಳು ಮಾತ್ರೆಯ ಲೆಕ್ಕ ತಂದು ಕೂರಿಸುತ್ತಾರೆ.

ಒಮ್ಮೆ ಧರ್ಮಸ್ಥಳದ ಕಡೆ ಒಂದು ಯಕ್ಷಗಾನ ಆಟ ಮುಗಿಸಿ ಬೆಳಿಗ್ಗೆ ಬರುತ್ತಿದ್ದೆವು. ಟೆಂಪೊದಲ್ಲಿ ನಮ್ಮ ಜೊತೆ ಚೆಂಡೆಯವರೊಬ್ಬರು, ತೆಂಕುತಿಟ್ಟಿನ ಹಳೇ ಕೈ. ಅವರಿಗೆ ಬಿ.ಸಿ.ರೋಡಿನಲ್ಲಿ ಇಳಿಯಲಿಕ್ಕಿತ್ತು. ಡ್ರೈವರ್ ತೂಕಡಿಸಬಾರದು ಅಂತ ನಾನು 1991ರ 'ಔಟ್‌ಶೈನ್ಡ್' ಹಾಕಿದೆ. ಚೆಂಡೆಯವರು ಕಣ್ಣು ಮುಚ್ಚಿಯೇ ಇದ್ದರು, ಬೆರಳು ಮಾತ್ರ ಮೊಣಕಾಲಿನ ಮೇಲೆ ಆಡ್ಲಿಕ್ಕೆ ಶುರುವಾಯಿತು. ಎರಡು ಸುತ್ತು ಕೇಳಿ, "ಏಳು ಅಲ್ವಾ? ತ್ರಿಪುಟ" ಅಂದರು. ಹೌದು, ಏಳೇ. ನಾನು ಖುಷಿಯಲ್ಲಿ 'ಸ್ಪೂನ್‌ಮ್ಯಾನ್' ಹಾಕಿದೆ, ಅದೂ ಏಳು. ಅದರಲ್ಲಿ ನಡುವೆ ಚಮಚ ಬಾರಿಸುವವನು ಸಿಯಾಟಲ್‌ನ ರಸ್ತೆ ಬದಿಯ ಕಲಾವಿದ, ಆರ್ಟಿಸ್ ಅಂತ. ಚಮಚದ ಶಬ್ದ ಬಂದಾಗ ಚೆಂಡೆಯವರು ಕಣ್ಣು ಬಿಟ್ಟರು. "ಕೈ ಚಂದ ಉಂಟು ಮಾರಾಯ ಅವನದ್ದು. ಆದರೆ ಇವರೆಂತ, ಹಾಕಿದ ಲಯದಲ್ಲೇ ಸುತ್ತುತ್ತಾ ಇದ್ದಾರೆ? ಏರಿಸುವುದಿಲ್ವಾ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಚೆಂಡೆ ಅಂದರೆ ನಮ್ಮ ಊರಿನ ಮೆಟಲ್ ಅಂತ ಸ್ಟೇಟಸ್ ಹಾಕುವ ಹುಡುಗರು ಬಹಳ ಇದ್ದಾರೆ. ಕೇಳಲಿಕ್ಕೆ ಚಂದ, ಆದರೆ ಎರಡರ ಸ್ವಭಾವವೇ ಬೇರೆ. ಆಟದಲ್ಲಿ ಲಯ ವೇಷಧಾರಿಯ ಕಾಲನ್ನು ನೋಡಿಕೊಂಡು, ಭಾಗವತರ ಜಾಗಟೆಯನ್ನು ನೋಡಿಕೊಂಡು ಏರ್ತದೆ. ಏರುಪದ್ಯಕ್ಕೆ ಬಂದಾಗ ಸಭೆಯಲ್ಲಿ ನಿದ್ದೆ ಮಾಡುವವರೂ ಎದ್ದು ಕೂರ್ತಾರೆ. ರಾಕ್‌ನಲ್ಲಿ ಒಂದೇ ಪಲುಕನ್ನು ಅದೇ ಲಯದಲ್ಲಿ ಮತ್ತೆ ಮತ್ತೆ ಅರೆದು ಅರೆದು ಭಾರ ತರುವುದು. ಸೌಂಡ್‌ಗಾರ್ಡನ್‌ನ ಮ್ಯಾಟ್ ಕ್ಯಾಮರಾನ್ ಡ್ರಮ್ ಕೇಳಿ: ಏಳರ ಲೆಕ್ಕ ನಡೆಯುತ್ತಿದೆ ಅಂತ ತೋರಿಸಿಕೊಳ್ಳುವುದೇ ಇಲ್ಲ, ಸುಮ್ಮನೆ ನಡೆದ ಹಾಗೆ ನಡೆಯುತ್ತಾನೆ. ಹೀಗೆ ಒಂದೇ ಲಯದಲ್ಲಿ ಅರೆಯುವುದು ಸುಲಭ ಅಂತ ಚೆಂಡೆಯವರ ಅಭಿಪ್ರಾಯ. ಅಲ್ಲ ಅಂತ ನನ್ನದು.

ಹಾಡುವ ಕ್ರಿಸ್ ಕಾರ್ನೆಲ್ ಬಗ್ಗೆ ಬರೆಯಹೊರಟರೆ ಇದು ಮುಗಿಯುವುದಿಲ್ಲ. 1994ರ 'ಸೂಪರ್‌ಅನ್‌ನೋನ್' ಆಲ್ಬಮ್ಮಿನಲ್ಲಿ ಎಲ್ಲರೂ 'ಬ್ಲ್ಯಾಕ್ ಹೋಲ್ ಸನ್' ಕೇಳ್ತಾರೆ, ಅದು ಒಳ್ಳೆಯದೇ. ನನ್ನ ಆಯ್ಕೆ 'ಫೋರ್ತ್ ಆಫ್ ಜುಲೈ'. ತಂತಿಯನ್ನು ಇನ್ನೂ ಕೆಳಗೆ ಇಳಿಸಿದ್ದಾರೆ, ಹದಿನೆಂಟು ಇಂಚಿನ ಬೇಸ್ ಬಾಕ್ಸಿನಲ್ಲಿ ಹಾಕಿದರೆ ಗೋಡೌನಿನ ಶಟರ್ ನಡುಗ್ತದೆ. ಅದರ ಮೇಲೆ ಕಾರ್ನೆಲ್ ಕಿರುಚುವುದಿಲ್ಲ, ಗುನುಗುತ್ತಾನೆ. ಅಷ್ಟು ಎತ್ತರಕ್ಕೆ ಹೋಗಬಲ್ಲ ಗಂಟಲು ಕೆಳಗೇ ನಿಂತದ್ದು. ಅವನು 2017ರ ಮೇ 18ರಂದು, ಡೆಟ್ರಾಯಿಟ್‌ನಲ್ಲಿ ಕಾರ್ಯಕ್ರಮ ಕೊಟ್ಟ ರಾತ್ರಿಯೇ ತೀರಿಕೊಂಡ.

ಅದೇ ಊರಿನ ಆಲಿಸ್ ಇನ್ ಚೈನ್ಸ್. ಇವರನ್ನು ನನಗೆ ಅರ್ಥ ಮಾಡಿಸಿದ್ದು ನನ್ನ ಗೆಳೆಯನೊಬ್ಬ, ಅವರ ಇಗರ್ಜಿಯ ಕ್ವಾಯರ್‌ನಲ್ಲಿ ಟೆನರ್ ಹಾಡುವವನು. ಮಂಗಳೂರಿನ ಕ್ರಿಶ್ಚಿಯನ್ನರ ಮನೆಯ ಮಕ್ಕಳಿಗೆ ಎರಡು ಮೂರು ಸ್ವರದಲ್ಲಿ ಒಟ್ಟಿಗೆ ಹಾಡುವುದು ಸಣ್ಣದರಿಂದಲೇ ಅಭ್ಯಾಸ. ನಮಗೆ ಭಜನೆಯಲ್ಲಿ ಎಲ್ಲರಿಗೂ ಒಂದೇ ಸ್ವರ. 'ಡರ್ಟ್' ಆಲ್ಬಮ್ ಕೇಳಿಸಿದಾಗ ಅವನು ನಕ್ಕ. "ಲೇನ್ ಸ್ಟೇಲಿ ಒಂದು ಗೆರೆ ಹಾಡುವಾಗ ಜೆರ್ರಿ ಕಾಂಟ್ರೆಲ್ ಅದರ ಪಕ್ಕದಲ್ಲೇ ಒತ್ತಿಕೊಂಡು ಇನ್ನೊಂದು ಗೆರೆ ಹಾಡ್ತಾನೆ ನೋಡು. ನಾವು ಹೀಗೆ ಹಾಡಿದರೆ ಫಾದರ್ ಅಲ್ಲೇ ನಿಲ್ಲಿಸ್ತಾರೆ." ಅವನು ಹೇಳಿದ ಮೇಲೆ ಬೇರೆ ಬೇರೆಯಾಗಿ ಕೇಳಲಿಕ್ಕೆ ಕಲಿತೆ. ಎರಡು ಗಂಟಲು ಒಂದರ ಮೇಲೊಂದು ಬಿದ್ದಾಗ ಮೂರನೆಯದೊಂದು ಹುಟ್ಟಿದ ಹಾಗೆ ಅನಿಸುವ ಜಾಗಗಳಿವೆ ಅಲ್ಲಿ.

ಇವರದ್ದೇ 'ಜಾರ್ ಆಫ್ ಫ್ಲೈಸ್' 1993ರ ಸೆಪ್ಟೆಂಬರ್‌ನಲ್ಲಿ ಒಂದು ವಾರದಲ್ಲಿ ಬರೆದು ರೆಕಾರ್ಡ್ ಮಾಡಿದ್ದು. ಹೆಚ್ಚಾಗಿ ಅಕೌಸ್ಟಿಕ್ ಗಿಟಾರ್. 1994ರ ಜನವರಿಯಲ್ಲಿ ಬಂದಾಗ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಹೋಯಿತು. ಪೂರ್ತಿ ಆಲ್ಬಮ್ ಅಲ್ಲದ ಸಣ್ಣ ರೆಕಾರ್ಡೊಂದು ಹಾಗೆ ಹೋದದ್ದು ಅದೇ ಮೊದಲು. ಹೆವಿ ಅಂದರೆ ವಾಲ್ಯೂಮ್ ಅಂತ ವಾದ ಮಾಡುವವರಿಗೆ ನಾನು ಇದನ್ನೇ ಹಾಕಿ ತೋರಿಸುವುದು, ಫೇಡರ್ ಅರ್ಧಕ್ಕಿಂತ ಕೆಳಗಿಟ್ಟು. ಸ್ಟೇಲಿ ಸತ್ತದ್ದು 2002ರ ಏಪ್ರಿಲ್ 5, ಡ್ರಗ್ಸ್‌ನಿಂದ. ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಹೋದದ್ದೂ ಏಪ್ರಿಲ್ 5ಕ್ಕೇ, ಎಂಟು ವರ್ಷ ಮೊದಲು. ಆ ಊರಿನ ಗಾಯಕರನ್ನು ಎಣಿಸುತ್ತಾ ಹೋದರೆ ಬೇಸರವೇ ಬರುವುದು.

ನಿರ್ವಾಣ ಅಂದಾಗ ಎಲ್ಲರ ಬಾಯಲ್ಲಿ 1991ರ 'ನೆವರ್‌ಮೈಂಡ್'. ನನಗೆ 1993ರ 'ಇನ್ ಯೂಟೆರೊ' ಹೆಚ್ಚು ಇಷ್ಟ, ಕಾರಣ ಸ್ಟೀವ್ ಆಲ್ಬಿನಿ ಅನ್ನುವ ರೆಕಾರ್ಡಿಂಗ್ ಎಂಜಿನಿಯರ್. ಪ್ರೊಡ್ಯೂಸರ್ ಅಂತ ಕರೆದರೆ ಆಗುತ್ತಿರಲಿಲ್ಲ ಅವನಿಗೆ. ಆ ಆಲ್ಬಮ್ಮಿಗೆ ರಾಯಲ್ಟಿ ತೆಗೆದುಕೊಳ್ಳಲೇ ಇಲ್ಲ: ಪ್ಲಂಬರ್‌ಗೆ ಕೊಟ್ಟ ಹಾಗೆ ಮಾಡಿದ ಕೆಲಸಕ್ಕೆ ಸಂಬಳ ಕೊಡಿ, ಸಾಕು ಅಂದ. ಲಕ್ಷ ಡಾಲರ್ ಇಡಿಗಂಟು ತೆಗೆದುಕೊಂಡ, ಜೀವಮಾನವಿಡೀ ಬರುತ್ತಿದ್ದ ಪಾಲನ್ನು ಬಿಟ್ಟ. ಮಿನಿಸೋಟಾದ ಕಾಡಿನ ನಡುವಿನ ಸ್ಟುಡಿಯೋದಲ್ಲಿ ಡ್ರಮ್ಮಿನ ಸುತ್ತ, ಕೋಣೆಯ ಮೂಲೆಗಳಲ್ಲಿ ಮೈಕ್ ಇಟ್ಟು, ಡ್ರಮ್ಮಿನ ಜೊತೆ ಆ ಕೋಣೆಯನ್ನೂ ರೆಕಾರ್ಡ್ ಮಾಡಿದ. ಡೇವ್ ಗ್ರೋಲ್ ಬಾರಿಸುವಾಗ ಪೆಟ್ಟು ಮೊದಲು ಬಂದು ಗೋಡೆಯ ಪ್ರತಿಧ್ವನಿ ಹಿಂದಿನಿಂದ ಬರುವುದು ಸರಿಯಾಗಿ ಕೇಳ್ತದೆ. ಹಿಂದೆ 1971ರಲ್ಲಿ ಲೆಡ್ ಜೆಪ್ಪೆಲಿನ್‌ನವರು ಹಳೇ ಬಂಗಲೆಯೊಂದರ ಮೆಟ್ಟಲಿನ ಕೆಳಗೆ ಡ್ರಮ್ ಇಟ್ಟು, ಮೇಲಿನಿಂದ ಎರಡೇ ಮೈಕ್ ತೂಗಿಬಿಟ್ಟು ಮಾಡಿದ್ದೂ ಇಂಥದ್ದೇ ಕೆಲಸ. ನಾನು ಕೂಡ ಆಟಕ್ಕೆ ಚೆಂಡೆಯ ಹತ್ತಿರ ಮೈಕ್ ಇಡುವುದಿಲ್ಲ. ದೂರ, ಸ್ವಲ್ಪ ಕೆಳಗೆ. ಹತ್ತಿರ ಇಟ್ಟರೆ ಬರೀ ಕೋಲಿನ ಸದ್ದು, ಚರ್ಮದ ನಾದ ಬರುವುದಿಲ್ಲ. ಆಲ್ಬಿನಿ 2024ರ ಮೇಯಲ್ಲಿ ಹೋದ. ಆ ವಾರ ಯಾವುದೋ ಮದುವೆಯ ಕೆಲಸದಲ್ಲಿದ್ದೆ, ಸುದ್ದಿ ಓದಿ ಮಿಕ್ಸರ್ ಪಕ್ಕವೇ ಸ್ವಲ್ಪ ಹೊತ್ತು ಕೂತೆ.

ಇನ್ನು ಮೆಟಾಲಿಕಾ. ಪ್ರೀತಿ ಉಂಟು, ಸಿಟ್ಟೂ ಉಂಟು. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ಶಿರಾಡಿ ಘಾಟಿ ಹತ್ತಿ ರಾತ್ರಿ ಬಸ್ಸಿನಲ್ಲಿ ಹೋದದ್ದು. ಜೊತೆಯವರು ಹಾರಿ ಕುಣಿಯುತ್ತಿದ್ದರು, ನಾನು ಅರ್ಧ ಹೊತ್ತು ತೂಗುಹಾಕಿದ ಸ್ಪೀಕರ್ ಸಾಲನ್ನೂ ಮಿಕ್ಸರಿನವರ ಟೆಂಟನ್ನೂ ನೋಡುತ್ತಾ ನಿಂತಿದ್ದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗ್ತದೆ. ಮೂವತ್ತನಾಲ್ಕು ಮೀಟರ್ ಹಿಂದೆ ನಿಂತವನಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳ್ತದೆ, ನೂರು ಮೀಟರ್ ಆದರೆ ಕಿಕ್ ಕಣ್ಣಿಗೊಮ್ಮೆ ಕಿವಿಗೊಮ್ಮೆ. ನಮಗೆ ಕಂಬಳದ ಕರೆಯ, ಅಂದರೆ ಕೋಣ ಓಡುವ ಗದ್ದೆಯ, ಉದ್ದಕ್ಕೆ ಸ್ಪೀಕರ್ ಇಡುವಾಗ ಇದೇ ತಲೆಬಿಸಿ. ಆಚೆ ತುದಿಯಲ್ಲಿ ನಿಂತವರಿಗೆ ಅಲ್ಲಿ ಇಟ್ಟದ್ದು ಬೇಗ ಕೂಗ್ತದೆ, ಈಚೆಯದ್ದು ಹಿಂದಿನಿಂದ ಬರ್ತದೆ, ಕೋಣ ಗೆದ್ದದ್ದು ಯಾರದ್ದು ಅಂತ ಜನಕ್ಕೆ ಗೊತ್ತಾಗುವುದಿಲ್ಲ. ಆಚೆಯದ್ದನ್ನು ಲೆಕ್ಕ ಹಾಕಿ ತಡ ಮಾಡಬೇಕು.

ಸಿಟ್ಟು ಯಾಕೆಂದರೆ, ಇಷ್ಟು ದೊಡ್ಡ ಬ್ಯಾಂಡು ಎರಡು ಸಲ ತನ್ನ ರೆಕಾರ್ಡನ್ನು ತಾನೇ ಕೆಡಿಸಿಕೊಂಡಿತು. 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಬೇಸ್ ಗಿಟಾರನ್ನು ಕೇಳದಷ್ಟು ಕೆಳಗಿಟ್ಟರು. ಹಳೇ ಬೇಸಿಸ್ಟ್ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ಸತ್ತು, ಜೇಸನ್ ನ್ಯೂಸ್ಟೆಡ್ ಹೊಸದಾಗಿ ಬಂದಿದ್ದ. ಪಾಪ, ಬಾರಿಸಿದ್ದಾನೆ, ಕೇಳಿಸುವುದೇ ಇಲ್ಲ. 2008ರ 'ಡೆತ್ ಮ್ಯಾಗ್ನೆಟಿಕ್' ಅದಕ್ಕಿಂತ ಕಷ್ಟ. ರೇಡಿಯೋದಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಬೇಕು ಅಂತ ಸಣ್ಣ ಶಬ್ದ ದೊಡ್ಡ ಶಬ್ದ ಎಲ್ಲವನ್ನೂ ಒತ್ತಿ ಒಂದೇ ಎತ್ತರಕ್ಕೆ ತಂದು, ತುದಿಗಳು ಒಡೆದು ಬರಬರ ಅನ್ನುವ ಹಾಗೆ ಮಾಡಿದರು. ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಗೇಮಿನಲ್ಲಿ ಹಾಗೆ ಒತ್ತದೆ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಇಟ್ಟು ಕೇಳಿ ಗೇಮಿನದ್ದೇ ಚಂದ ಅಂತ ತೀರ್ಮಾನ ಮಾಡಿದರು. ಗೋಡೌನಿನಲ್ಲಿ ಆ ಸಿಡಿ ಹಾಕಿದರೆ ಮೀಟರಿನ ದೀಪ ಕೆಂಪಿನಿಂದ ಇಳಿಯುವುದೇ ಇಲ್ಲ, ಸ್ಪೀಕರಿಗೆ ಉಸಿರಾಡಲಿಕ್ಕೆ ಬಿಡುವುದಿಲ್ಲ. ಹತ್ತು ನಿಮಿಷಕ್ಕೆ ಕಿವಿ ಬಳಲ್ತದೆ. ಬೇಸ್ ಜಾಸ್ತಿ ಕೊಡಿ ಅನ್ನುವವರ ಕೈಗೆ ಲಾಸ್ ಏಂಜಲೀಸ್‌ನ ಸ್ಟುಡಿಯೋ ಸಿಕ್ಕಿದರೂ ಆಗುವುದು ಇಷ್ಟೇ.

ರೇಜ್ ಅಗೇನ್ಸ್ಟ್ ದ ಮಷೀನ್‌ಗೆ ಒಂದು ಪ್ಯಾರಾ ಸಾಕು, ಅವರು ಎಲ್ಲವನ್ನೂ ನೇರ ಹೇಳುವವರು. 1992ರ ಮೊದಲ ಆಲ್ಬಮ್ಮಿನ ಕವರಿನಲ್ಲೇ ಬರೆದಿದ್ದಾರೆ, ಸ್ಯಾಂಪಲ್, ಕೀಬೋರ್ಡ್, ಸಿಂಥಸೈಜರ್ ಯಾವುದನ್ನೂ ಬಳಸಿಲ್ಲ ಅಂತ. ಬರೆಯದಿದ್ದರೆ ಯಾರೂ ನಂಬುತ್ತಿರಲಿಲ್ಲ, ಟಾಮ್ ಮೊರೆಲೊ ಗಿಟಾರಿನ ಸ್ವಿಚ್ಚನ್ನು ಟಕಟಕ ಆಡಿಸಿಯೇ ಡಿಜೆ ಶಬ್ದ ಹೊರಡಿಸುತ್ತಾನೆ. ಮೆಶುಗ್ಗಾ ಬ್ಯಾಂಡಿನ ಬಗ್ಗೆ ಗೌರವ ಉಂಟು, ಎಂಟು ತಂತಿಯ ಗಿಟಾರ್, ಲೆಕ್ಕ ಎಲ್ಲ ಸರಿ, ಎರಡು ಹಾಡಿನ ಮೇಲೆ ನನ್ನಿಂದ ಆಗುವುದಿಲ್ಲ. ಲಿಂಕಿನ್ ಪಾರ್ಕ್ ನನಗೆ ಹಿಡಿಸಲಿಲ್ಲ. ಇದಕ್ಕೆ ಬೈಯುವವರು ಬೈಯಿರಿ, ನನ್ನ ತಂಗಿ ಈಗಾಗಲೇ ಬೈದಾಗಿದೆ.

ಟೂಲ್‌ಗೆ ಬರುತ್ತೇನೆ. ನನ್ನ ಪಟ್ಟಿಯಲ್ಲಿ ಮೇಲಿರುವುದು ಇವರೇ. 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಬ್ಯಾಂಡ್, ಇಷ್ಟು ವರ್ಷದಲ್ಲಿ ಪೂರ್ಣ ಆಲ್ಬಮ್ ಐದೇ. ಡ್ರಮ್ಮರ್ ಡ್ಯಾನಿ ಕೇರಿ ಅಲೋಕ್ ದತ್ತ ಅವರ ಹತ್ತಿರ ತಬಲಾ ಕಲಿತವನು, ಅದು ಅವನ ಕೈಯಲ್ಲಿ ಗೊತ್ತಾಗ್ತದೆ. 'ಸ್ಕಿಸಮ್' ಹಾಡು ಐದು ಮತ್ತು ಏಳರಲ್ಲಿ ನಡೆಯುತ್ತದೆ, ಐದು, ಏಳು, ಐದು, ಏಳು. ಅದಕ್ಕೆ 2002ರಲ್ಲಿ ಗ್ರ್ಯಾಮಿ ಬಂತು. ಆ ಹಾಡಿರುವ 2001ರ ಆಲ್ಬಮ್ಮಿನ ಹೆಸರಿನದ್ದೇ ಇನ್ನೊಂದು ಹಾಡು 'ಲ್ಯಾಟರಲಸ್'. ಅದರ ಪಲ್ಲವಿಯಲ್ಲಿ ಒಂಬತ್ತು, ಎಂಟು, ಏಳು ಹೀಗೆ ಇಳಿಯುವ ಲೆಕ್ಕ. ಸಾಹಿತ್ಯದ ಅಕ್ಷರಗಳು ಒಂದು, ಒಂದು, ಎರಡು, ಮೂರು, ಐದು, ಎಂಟು ಅಂತ ಬೆಳೆದು ಮತ್ತೆ ಇಳಿಯುತ್ತವೆ. ಫಿಬೊನಾಚಿ ಸಂಖ್ಯೆಗಳು. ಪಲ್ಲವಿಯ ಒಂಬತ್ತು, ಎಂಟು, ಏಳನ್ನು ಒಟ್ಟಿಗೆ ಬರೆದರೆ ಬರುವ 987 ಕೂಡ ಅದೇ ಸಾಲಿನ ಒಂದು ಸಂಖ್ಯೆ.

ಇದನ್ನು ನಾನು ಭಾರೀ ಪಾಶ್ಚಾತ್ಯ ಬುದ್ಧಿವಂತಿಕೆ ಅಂತ ವರ್ಣಿಸುತ್ತಿದ್ದಾಗ ಪಕ್ಕದಲ್ಲಿದ್ದ ಭಾಗವತರೊಬ್ಬರು ತಡೆದರು. ಛಂದಸ್ಸು ಬಲ್ಲವರು. "ನಾಲ್ಕು ಮಾತ್ರೆಯನ್ನು ಲಘು ಗುರು ಹಾಕಿ ಎಷ್ಟು ರೀತಿ ತುಂಬಬಹುದು, ಹೇಳಿ ನೋಡುವ" ಅಂದರು. ಸಿಗರೇಟಿನ ಪ್ಯಾಕೆಟಿನ ಹಿಂದೆ ಬರೆದೆ. ನಾಲ್ಕು ಲಘು ಒಂದು. ಎರಡು ಗುರು ಒಂದು. ಒಂದು ಗುರು ಎರಡು ಲಘುವಿನದ್ದು ಮೂರು. ಒಟ್ಟು ಐದು. ಮೂರು ಮಾತ್ರೆಗೆ ಮೂರು, ಐದು ಮಾತ್ರೆಗೆ ಎಂಟು. ಅದೇ ಸಾಲು! ಹನ್ನೆರಡನೇ ಶತಮಾನದಲ್ಲಿ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ಹೇಳಿಯಾಗಿತ್ತು, ಅವನಿಗಿಂತ ಮೊದಲು ವಿರಹಾಂಕ. ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ನಾನು ಹೈಸ್ಕೂಲಿನಲ್ಲಿ ಲಘು ಗುರು ಹಾಕಿ ಹಾಕಿ ಬೇಜಾರಾದವನು, ಟೂಲ್‌ನ ದಾರಿಯಲ್ಲಿ ಹಳಗನ್ನಡದ ಕ್ಲಾಸಿಗೆ ವಾಪಸ್ ಹೋಗಬೇಕಾಯಿತು.

ಲೆಕ್ಕಕ್ಕಾಗಿ ಮಾತ್ರ ಕೇಳುವುದಾದರೆ ಟೂಲ್ ಬೇಕಿಲ್ಲ. ಅವರ ದೊಡ್ಡತನ ಕಾಯುವುದರಲ್ಲಿ. 2006ರ ಆಲ್ಬಮ್ ಆದ ಮೇಲೆ ಮುಂದಿನದ್ದು, 'ಫಿಯರ್ ಇನಾಕ್ಯುಲಮ್', ಬಂದದ್ದು 2019ಕ್ಕೆ. ಅದರಲ್ಲಿ ಹೆಚ್ಚಿನ ಹಾಡುಗಳು ಹತ್ತು ನಿಮಿಷ ದಾಟುತ್ತವೆ. 'ನ್ಯೂಮಾ' ಕೇಳಿ. ಜಸ್ಟಿನ್ ಚಾನ್ಸಲರ್‌ನ ಬೇಸ್ ಒಂದು ಪಲುಕನ್ನು ಹಿಡಿದು ಬಿಡುವುದೇ ಇಲ್ಲ, ಡ್ರಮ್ ಬೇಕಾದಲ್ಲಿ ಮಾತ್ರ ಮುಟ್ಟಿ ಹೋಗ್ತದೆ. ಗಿಟಾರ್ ಪೂರ್ಣ ಬಲದಲ್ಲಿ ಬೀಳುವಷ್ಟರಲ್ಲಿ ನಾವು ಕಾದು ಕಾದು ಹಣ್ಣಾಗಿರ್ತೇವೆ. ಚೆಂಡೆಯವರಿಗೆ ಕೇರಿ ಒಬ್ಬನೇ ಬಾರಿಸುವ ವಿಡಿಯೋ ತೋರಿಸಿದೆ. ಪೂರ್ತಿ ನೋಡಿದರು. ಉದ್ದ ಹೆಚ್ಚಾಯ್ತಾ ಅಂತ ಕೇಳಿದ್ದಕ್ಕೆ, ರಾತ್ರಿಯಿಡೀ ಕೂರುವವರ ಹತ್ತಿರ ಇದನ್ನು ಕೇಳ್ತೀಯಲ್ಲ ಅಂತ ನೋಡಿದರು.

ಹಾಗಾದರೆ ಚೆಂಡೆಯನ್ನೂ ಗಿಟಾರನ್ನೂ ಸೇರಿಸಿ ಫ್ಯೂಷನ್ ಮಾಡಬಹುದಲ್ಲ ಅಂತ ಪ್ರತಿ ಉತ್ಸವದಲ್ಲೂ ಯಾರಿಗಾದರೂ ಹೊಳೆಯುತ್ತದೆ. ಅದರ ಮಿಕ್ಸರ್ ಹಿಂದೆ ನಿಲ್ಲುವ ಕರ್ಮ ನನ್ನದು. ಚೆಂಡೆಯ ಚೂಪು ಪೆಟ್ಟು ಮತ್ತು ಡಿಸ್ಟಾರ್ಶನ್ ಗಿಟಾರಿನ ಹರಿತ, ಎರಡೂ ಕಿವಿಯ ಒಂದೇ ಜಾಗಕ್ಕೆ, ಎರಡರಿಂದ ನಾಲ್ಕು ಸಾವಿರ ಹರ್ಟ್ಸ್ ನಡುವೆ, ಬಂದು ಕೂರ್ತವೆ. ಒಬ್ಬ ಸುಮ್ಮನಿರದೆ ಇನ್ನೊಬ್ಬ ಕೇಳುವುದಿಲ್ಲ. ಸ್ಟೇಜಿನಲ್ಲಿ ಯಾರೂ ಸುಮ್ಮನಿರುವುದಿಲ್ಲ. ಕೊಚ್ಚಿಯ ಮದರ್‌ಜೇನ್ ಇದನ್ನು ಬೇರೆ ರೀತಿ ಬಿಡಿಸಿದರು. 2008ರ 'ಮಕ್ತೂಬ್' ಆಲ್ಬಮ್ಮಿನಲ್ಲಿ ಬೈಜು ಧರ್ಮಜನ್ ಗಿಟಾರಿನ ತಂತಿಯನ್ನೇ ಎಳೆದು ಗಮಕ ತೆಗೆದ. ಅದೇ ವರ್ಷ ಬಂದ ಅವಿಯಲ್ ಬ್ಯಾಂಡಿನ ಆಲ್ಬಮ್ ಪೂರ್ತಿ ಮಲಯಾಳಂ. ನಮ್ಮ ಕರಾವಳಿಯ ಹುಡುಗರಿಗೆ ಕೈ ಉಂಟು, ಇಂಗ್ಲಿಷ್ ಹಾಡುಗಳನ್ನು ಚಾಚೂ ತಪ್ಪದೆ ಬಾರಿಸ್ತಾರೆ. ದೈವಗಳ ಕತೆ ಹಾಡುವ ಪಾಡ್ದನದ ಆ ಎಳೆದು ಎಳೆದು ಹೇಳುವ ಲಯ ಸಬ್ಬತ್‌ನ ನಿಧಾನಕ್ಕೆ ಎಷ್ಟು ಹತ್ತಿರ ಅಂತ ಯಾರಾದರೂ ಬಾರಿಸಿ ತೋರಿಸಲಿ ಅಂತ ನನಗೆ ಆಸೆ. ತುಳುವಿನಲ್ಲೇ ಹಾಡಲಿ. ಬಾಕ್ಸ್, ಆಂಪ್, ನನ್ನ ಕೂಲಿ ಎಲ್ಲ ಫ್ರೀ, ಟೆಂಪೊದ ಡೀಸೆಲ್ ಮಾತ್ರ ಅವರದ್ದು.

2025ರ ಜುಲೈ 5ಕ್ಕೆ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಸಬ್ಬತ್‌ನ ಕೊನೆಯ ಕಾರ್ಯಕ್ರಮ. ಹಣ ಕಟ್ಟಿ ಆನ್‌ಲೈನ್‌ನಲ್ಲಿ ನೋಡಿದೆ, ಕ್ವಾಯರ್‌ನ ಗೆಳೆಯನೂ ಬಂದಿದ್ದ. ಮೊರೆಲೊ ಸಂಗೀತ ನಿರ್ದೇಶಕ, ಮೆಟಾಲಿಕಾ, ಟೂಲ್, ಆಲಿಸ್ ಇನ್ ಚೈನ್ಸ್ ಎಲ್ಲರೂ ಒಂದೇ ವೇದಿಕೆಗೆ ಬಂದರು. ಡ್ಯಾನಿ ಕೇರಿ, ಚಾಡ್ ಸ್ಮಿತ್, ಟ್ರಾವಿಸ್ ಬಾರ್ಕರ್ ಮೂವರು ಡ್ರಮ್ಮರ್‌ಗಳ ಸ್ಪರ್ಧೆ ಬೇರೆ. ಪಾರ್ಕಿನ್ಸನ್ ಕಾಯಿಲೆಯಿದ್ದ ಸಬ್ಬತ್‌ನ ಗಾಯಕ ಆಸಿ ಆಸ್ಬರ್ನ್ ಸಿಂಹಾಸನದಲ್ಲಿ ಕೂತೇ ಹಾಡಿದ. ಮೂಲದ ನಾಲ್ವರು ಒಟ್ಟಿಗೆ ಬಾರಿಸಿದ್ದು ಇಪ್ಪತ್ತು ವರ್ಷದ ಮೇಲೆ. ನಾಲ್ಕೇ ಹಾಡು. ಆಸಿಯ ಗಂಟಲು ಅಲ್ಲಲ್ಲಿ ಜಾರುತ್ತಿತ್ತು. ಅಯೋಮಿಯ ಬಲಗೈಯನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿದಾಗಲೆಲ್ಲ ಆ ಎರಡು ಬೆರಳಿನ ಟೊಪ್ಪಿಯನ್ನೇ ಹುಡುಕುತ್ತಿದ್ದೆ. ಹದಿನೇಳು ದಿನದ ಮೇಲೆ, ಜುಲೈ 22ಕ್ಕೆ, ಆಸಿ ಹೋದ. ಗೆಳೆಯ ಫೋನ್ ಮಾಡಿದವನು ಸ್ವಲ್ಪ ಹೊತ್ತು ಏನೂ ಹೇಳದೆ, ಆಮೇಲೆ ಕೇಳಿದ್ದು ಟೂಲ್‌ನವರು ಅವತ್ತು ಬಾರಿಸಿದ ಸಬ್ಬತ್ ಹಾಡು ಯಾವುದಂತ. 'ಹ್ಯಾಂಡ್ ಆಫ್ ಡೂಮ್' ಅಂದೆ. ಅದನ್ನು ಕ್ವಾಯರ್‌ನವರಿಗೆ ಕೇಳಿಸುತ್ತಾನಂತೆ, ಫಾದರ್ ಇಲ್ಲದಾಗ.